ನಾಲ್ಕು ಎತ್ತರದ ಟವೆಲ್ಲು

ಎರಡು ತಿಂಗಳಲ್ಲಿ ಶಾಂತಿನಾಥ ರಾಜಮತಿಗೆ ಹೇಳಿದ್ದು ಹೆಚ್ಚೇನಿಲ್ಲ. ‘ಊಟ ಆತೇನು?’ ಎಂಬಷ್ಟಕ್ಕೇ ಮಾಳಿಗೆಯ ಮೇಲೆ ನಲವತ್ತೆರಡು ಸಲ ಟವೆಲ್ಲು ತೋರಿಸಬೇಕಾಗಿತ್ತು. ಬಿದಿರುಗೋಲಿನ ತುದಿಯಲ್ಲಿದ್ದರೆ ಒಂದು, ಬುಡದಲ್ಲಿದ್ದರೆ ಸೊನ್ನೆ; ಆರು ಸಲ ತೋರಿಸಿದರೆ ಒಂದು ಚಿಹ್ನೆ. ಮಾತು ಮುಗಿಯುವಷ್ಟರಲ್ಲಿ ಊಟವೇನು, ಊಟದ ನಂತರದ ನಿದ್ದೆಯೂ ಮುಗಿದಿರುತ್ತಿತ್ತು.

ಅಥಣಿಯ ಆ ಓಣಿಯಲ್ಲಿ ನಿಂತು ಮಾತಾಡುವಂತಿರಲಿಲ್ಲ. ಅದಕ್ಕೇ ಅವಳು ವಾಚನಾಲಯದಿಂದ ಒಯ್ಯುವ ಪುಸ್ತಕದಲ್ಲಿ ಸಂಕೇತದ ಚೀಟಿ ಇಟ್ಟಿದ್ದ. ಮೂರನೆಯ ದಿನ ನಾಲ್ಕು ಮನೆಯಾಚೆ, ಅವಳ ಮಾಳಿಗೆಯ ನೀರಿನ ಟಾಕಿಯ ಹಿಂದಿನಿಂದ ಒಂದು ಗೋಲು ಎದ್ದು, ಕೆಂಪು ಟವೆಲ್ಲು ಏರಿಳಿದು, ‘ಆತು’ ಎಂದಿತ್ತು. ಕೈ ಕಾಣಲಿಲ್ಲ. ಆದರೂ ಅವನಿಗೆ ಬಳೆಯ ಸಪ್ಪಳ ಕೇಳಿತು. ಎರಡು ಚಿಹ್ನೆಗಳ ನಡುವೆ ಆ ಗೋಲು ಸುಮ್ಮನೆ ನಿಲ್ಲುತ್ತಿದ್ದ ಹೊತ್ತೇ ಅವನಿಗೆ ಹೆಚ್ಚು ಪ್ರಿಯವಾಯಿತು. ಅಲ್ಲಿ ಅವಳು ಏನನ್ನೋ ಹೇಳದೆ ಉಳಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡ.

ಅವನು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ಆಪರೇಟರ್. ಹೋದ ತಿಂಗಳು ಮೆಮೊರಿ ಹಾಕಲು ಪುಣೆಯಿಂದ ಬಂದ ಎಂಜಿನಿಯರ್ ಹೇಳಿದ್ದ: “ಇನ್ನು ಮುಂದ ತಂತಿಯೊಳಗ ಬರೇ ಹೌದು-ಅಲ್ಲ ಇರೂದಿಲ್ಲ. ವೋಲ್ಟೇಜಿಗೆ ನಾಲ್ಕು ಮಟ್ಟ. ತಂತಿ ಅದs, ಹೇರು ಎರಡರಷ್ಟು. ಆದ್ರ ಮಟ್ಟ ಒಂದಕ್ಕೊಂದು ಹತ್ರ ಇರ್ತಾವ. ತುಸು ಅಲುಗಾಡಿದ್ರೂ ಮಾತು ಕೆಡ್ತೈತಿ.”

ಶಾಂತಿನಾಥ ಗೋಲಿಗೆ ನಾಲ್ಕು ಗುರುತು ಕೊಯ್ದ. ಈಗ ಮೂರೇ ಸಲಕ್ಕೆ ಒಂದು ಚಿಹ್ನೆ. ಕೊನೆಗೆ ಎಲ್ಲ ಮಟ್ಟಗಳ ಮೊತ್ತ ತಾಳೆ ನೋಡಲು ಒಂದು ಹೆಚ್ಚಿನ ಏರಿಕೆ. ಹೊಸ ಚೀಟಿಯೂ ಪುಸ್ತಕದಲ್ಲಿ ಹೋಯಿತು.

ಆ ರವಿವಾರ ಮುಂಜಾನೆ ಪಕ್ಕದ ಮನೆಯ ಸೋನಾಬಾಯಿ ಗೋಡೆಯಾಚೆಯಿಂದ ಸುದ್ದಿ ಒಗೆದಳು.

“ಕಾಯ್ ರೇ ಶಾಂತ್ಯಾ, ಗೊತ್ತೈತಿಲ್ಲೋ? ತಾರ್ ಮಾಸ್ತರ್ ಮನಿಗೆ ನಾಲ್ಕಕ್ಕ ಸಾಂಗಲಿ ಬೀಗರು ಬರಾಕತ್ತಾರ. ರಾಜಮತೀದು ಲಗ್ನದ ಮಾತು!”

ಹಲ್ಲುಜ್ಜುತ್ತಿದ್ದ ಶಾಂತಿನಾಥ ಪೇಸ್ಟು ನುಂಗಿದ. ತಾರು ಕಚೇರಿಯಿಂದ ನಿವೃತ್ತರಾದ ಅವಳ ಅಪ್ಪನ ಹತ್ತಿರ ನಾಲ್ಕರೊಳಗೆ ಮದುವೆಯ ಮಾತೆತ್ತಬೇಕು; ಅದಕ್ಕೆ ಮೊದಲು ಅವಳ ಒಪ್ಪಿಗೆ ಬೇಕು. ‘ಇಂದು ಕೇಳಲೇ?’ — ಇಪ್ಪತ್ತೇಳು ಏರಿಕೆ, ತಾಳೆಗೆ ಒಂದು. ಮಾಳಿಗೆಗೆ ಓಡಿದ.

ಹನ್ನೊಂದನೆಯದಕ್ಕೆ ಬರುವಷ್ಟರಲ್ಲಿ ಗಾಳಿ ಬೀಸಿ ಟವೆಲ್ಲು ಎರಡನೆಯ ಗುರುತಿನಿಂದ ಮೂರಕ್ಕೆ ಹಾರಿತು. ಆಚೆ ಕೆಂಪು ಟವೆಲ್ಲು ಅಡ್ಡಡ್ಡ ಅಲ್ಲಾಡಿತು: ತಿಳಿಯಲಿಲ್ಲ, ಮತ್ತೆ ಹೇಳು.

ಮತ್ತೆ ಶುರುಮಾಡಿದ. ಈ ಸಲ ಸೋನಾಬಾಯಿಯೇ ಮಾಳಿಗೆಗೆ ಬಂದಳು. “ಹಿಂಗ ಏರಿಸಿ ಇಳಿಸಿ ಮಾಡಿದ್ರ ಒಣಗ್ತೈತೇನೋ ಹುಚ್ಚಾ? ಮ್ಯಾಲ ಗಾಳಿ ಐತಿ, ಅಲ್ಲೇ ಬಿಡು!” ಎಂದು ಟವೆಲ್ಲನ್ನು ತುತ್ತತುದಿಗೆ ಎಳೆದು, ಬಿಚ್ಚಲು ಬಾರದಂತೆ ಸುತಳಿಯಿಂದ ಗಂಟು ಹಾಕಿ ಹೋದಳು.

ಅವನು ಹಲ್ಲಿನಿಂದ ಗಂಟು ಬಿಚ್ಚುತ್ತಿರುವಾಗ ಕೆಳಗೆ ಕೊಡಗಳ ಸಪ್ಪಳವೆದ್ದಿತು. ಓಣಿಗೆ ನಳದ ನೀರು ಬಂದು ಐದು ದಿನವಾಗಿತ್ತು. ಮಾಳಿಗೆಯಲ್ಲಿ ನಿಂತವರು ನೀರು ಬಿಡುವ ವಾಲ್ವಿನವನನ್ನು ಕಂಡರೆ ಅರಿವೆ ಎತ್ತಿ ತೋರಿಸುವುದು ಅಲ್ಲಿಯ ರೂಢಿ. ಅವನ ಟವೆಲ್ಲು ಕಂಡು ಇಪ್ಪತ್ತು ಹೆಂಗಸರು ನಳದ ಮುಂದೆ ಸಾಲು ಹಚ್ಚಿದ್ದರು. ನಳ ಒಮ್ಮೆ ಕೆಮ್ಮಿ ಸುಮ್ಮನಾಯಿತು.

“ಲೇ ಕಂಪ್ಯೂಟರಾ! ಎಲ್ಲೈತೋ ನೀರು?” ಲಕ್ಕವ್ವ ಕೆಳಗಿನಿಂದ ಕೂಗಿದಳು.

“ನೀರಿಲ್ರೀ ಲಕ್ಕವ್ವಾರ, ಟವೆಲ್ ಒಣಗಿಸಾಕತ್ತೀನಿ!”

“ಮುಂಜಾನಿಂದ ಒಂದs ಟವೆಲ್ಲಾ? ಅದೇನ್ ಟವೆಲ್ಲೋ, ಕೆರಿ ಏನೋ?”

ಓಣಿ ನಕ್ಕಿತು. ಅವನು ಕಿವಿ ಮುಚ್ಚಿಕೊಂಡವನಂತೆ ಮೂರನೆಯ ಸಲ ಹೊರಟ. ಮೂರೂವರೆಗೆ ಇಪ್ಪತ್ತೆಂಟೂ ತಪ್ಪಿಲ್ಲದೆ ಹೋದವು. ಅತ್ತ ಗೋಲು ನಿಂತೇ ಇತ್ತು. ಆ ಮೌನ ಎಂದಿಗಿಂತ ಉದ್ದವಾಗಿತ್ತು. ಅದರಲ್ಲಿ ಅವನ ಇಡೀ ಆಯುಷ್ಯ ಹಿಡಿಸುವಂತಿತ್ತು. ಆಮೇಲೆ ಕೆಂಪು ಟವೆಲ್ಲು ನಿಧಾನ ಏರಿತು: ‘ಹೂಂ’. ತಾಳೆಯೂ ಸರಿಹೋಯಿತು.

ಇಸ್ತ್ರಿ ಅಂಗಿ ತೊಟ್ಟು ಹೋಗಿ ಬಾಗಿಲು ಬಡಿದ. ರಾಜಮತಿಯೇ ತೆರೆದಳು. ಎರಡು ತಿಂಗಳ ಮಾತೆಲ್ಲ ಒಟ್ಟಿಗೆ ಆಡಲು ಅವನು ಬಾಯಿ ತೆರೆದ. ಅವಳು ಅವನನ್ನು ನೋಡಿ, ಒಳಗೆ ತಿರುಗಿ, “ಅಪ್ಪಾ, ಯಾರೋ ಬಂದಾರ ನೋಡ್ರಿ” ಎಂದು ಹೋಗಿಬಿಟ್ಟಳು.

ಮಾಳಿಗೆಯ ಮೆಟ್ಟಿಲಿನಿಂದ ತಾರ್ ಮಾಸ್ತರು ಬಾಬಾಸಾಹೇಬರು ಏದುಸಿರು ಬಿಡುತ್ತ ಇಳಿದರು. ಹೆಗಲ ಮೇಲೆ ಕೆಂಪು ಟವೆಲ್ಲು.

“ಬರ್ರಿ, ಬರ್ರಿ! ಮಟ್ಟ ನಾಲ್ಕು ಮಾಡಿದ್ದು ಬಾಳ ಚಲೋ ಆತು ನೋಡ್ರಿ. ನಡುನಡುವ ತಡ ಆಗ್ತಿತ್ತು, ಮನಸ್ಸಿಗೆ ಹಚ್ಕೋಬ್ಯಾಡ್ರಿ. ಚಸ್ಮಾ ಒರಸ್ಕೋತಿದ್ದೆ.”

“ಚೀಟಿ…” ಎಂದ ಶಾಂತಿನಾಥ.

“ಪುಸ್ತಕ ನನಗಂತನs ತರ್ತಾಳ್ರಿ ಅಕಿ. ತಾನೆಲ್ಲಿ ಓದ್ತಾಳ?”

“ಆದ್ರ ಇವತ್ತ… ಕೇಳಲೇ ಅಂದ್ರ, ಹೂಂ ಅಂದ್ರಿ?”

“ಕೇಳಾಕ ಯಾರರ ಬ್ಯಾಡ ಅಂತಾರೇನ್ರಿ? ಕೇಳ್ರಿ.”

ಶಾಂತಿನಾಥ ಕೇಳಿದ. ಬಾಯಿಯಿಂದ, ಒಂದೇ ಉಸಿರಿನಲ್ಲಿ.

ಮಾಸ್ತರು ಅವನನ್ನು ಕೂರಿಸಿ, ತಾವೂ ಕೂತು, ಕೆಂಪು ಟವೆಲ್ಲಿನಿಂದ ಚಸ್ಮಾ ಒರೆಸಿಕೊಂಡರು. “ಸಾಂಗಲಿಯೊಳಗs ನಿಶ್ಚಯ ಆಗಿ ತಿಂಗಳಾತಲ್ರಿ. ಇವತ್ತ ಲಗ್ನದ ತಾರೀಖ ಹಿಡಿಯಾಕ ಬರಾಕತ್ತಾರ. ಅಕಿ ಮನಸಾರೆ ಒಪ್ಯಾಳ.”

ಒಳಗಿನಿಂದ ರಾಜಮತಿಯ ನಗು ಕೇಳಿತು, ಯಾವುದೋ ಸೀರೆಯ ಮಾತಿಗೆ. ಶಾಂತಿನಾಥ ಎದ್ದ. ಮಾಸ್ತರು ಅವನ ಕೈ ಹಿಡಿದು ಕೂರಿಸಿದರು.

“ಮೂವತ್ತೆಂಟು ವರ್ಷ ತಾರು ಬಡದೇನ್ರಿ. ರಿಟೈರ್ ಆದಮ್ಯಾಲ ಆ ಕಡಿಂದ ಯಾರೂ ಏನೂ ಕಳಿಸಿರಲಿಲ್ಲ. ಊಟ ಆತೇನು ಅಂತ ಕೇಳಿದಾವ್ರು ನೀವೊಬ್ರs.” ಕೆಂಪು ಟವೆಲ್ಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, ದನಿ ತಗ್ಗಿಸಿದರು. “ಎಂಟು ಮಟ್ಟ ಮಾಡಾಕ ಬರ್ತೈತೇನ್ರಿ? ನನಗ ಹೇಳೂದು ಬಾಳ ಐತಿ.”