ಹಾರ ಗಾಳಿಯಲ್ಲೇ ನಿಂತ ಬಗ್ಗೆ ಫರ್ಮಾಟಾ ಅವರಿಗೆ

ಶಿವಮೊಗ್ಗ, ಶನಿವಾರ, ೧೯೬೧

ಇಟಲಿ ಮೂಲದವರೂ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಸ್ವರಗಳ ನೆತ್ತಿಯ ಮೇಲೆ ಚಿಹ್ನೆಯಾಗಿ ವಾಸವಾಗಿರುವವರೂ ಆದ ಮಾನ್ಯ ಫರ್ಮಾಟಾ ಅವರೇ,

ಫಸ್ಟ್ ಇಯರ್ ಹುಡುಗಿಯೊಬ್ಬಳು ತಮ್ಮಂಥ ಹಿರಿಯರಿಗೆ, ಅದೂ ನಾಲ್ಕು ಜನ ಓದುವಂತೆ, ಕಾಗದ ಬರೆಯುವುದೇ ಉದ್ಧಟತನ, ಎಕ್ಸ್‌ಕ್ಯೂಸ್ ಮಾಡಬೇಕು. ಸೋಮವಾರ ಹತ್ತಕ್ಕೆ ಪ್ರಿನ್ಸಿಪಾಲರು ಕರೆದಿದ್ದಾರೆ. ಕಾಲೇಜಿನ ಲೆಗ್ ಹಾರ್ಮೋನಿಯಂ ಮುಂದೆ ನಾನು ಇನ್ನು ಕೂರಬಹುದೋ ಇಲ್ಲವೋ ಎಂಬುದು ಅಂದೇ ತೀರ್ಮಾನ. ಭದ್ರಾವತಿಯ ನಮ್ಮ ಮನೆಯಲ್ಲಿ ಅಬ್ಬಾ ಬಿಚ್ಚಿಟ್ಟ ಲಾರಿ ಎಂಜಿನ್ ಇದೆಯೇ ಹೊರತು ಹಾರ್ಮೋನಿಯಂ ಇಲ್ಲವಾದ್ದರಿಂದ ಈ ಧೈರ್ಯ.

ತಮ್ಮ ಬಂಧುಗಳು ಸಭ್ಯರು. ರಿಟಾರ್ಡಾಂಡೊ ಅವರು ನಿಧಾನಿಸು ಎನ್ನುತ್ತಾರೆ, ನಿಧಾನಿಸುತ್ತೇವೆ. ರುಬಾಟೊ ಅವರು ಇಲ್ಲಿ ಕೊಂಚ ಎಳೆದರೆ ಅಲ್ಲಿ ಕೊಂಚ ಓಡಿಸಿ ಸರಿಮಾಡುತ್ತಾರೆ. ತಾವು ಮಾತ್ರ ಒಂದು ಹುಬ್ಬು, ಅದರಡಿ ಒಂದು ಚುಕ್ಕೆಯ ಕಣ್ಣು ಹೊತ್ತು, ಸ್ವರವನ್ನು ಹಿಡಿ ಎಂದಷ್ಟೇ ಅಪ್ಪಣೆ ಕೊಡಿಸಿ, ಎಷ್ಟು ಹೊತ್ತು ಎಂಬ ಕ್ಷುಲ್ಲಕ ವಿವರವನ್ನು ನಮ್ಮ ವಿವೇಕಕ್ಕೆ ಬಿಟ್ಟಿರುವ ಔದಾರ್ಯಕ್ಕೆ ನಾನು ಚಿರಋಣಿ. ನಾನು ಶಾಲೆ ಓದಿದ, ತಮ್ಮ ಪರಿಚಯವೂ ಆದ ಕಾನ್ವೆಂಟ್ ಹಾಸ್ಟೆಲಿನಲ್ಲಿ ಊಟ, ಸ್ನಾನ, ನಿದ್ದೆ ಎಲ್ಲಕ್ಕೂ ಬೆಲ್ ಇತ್ತು. ವಿವೇಕದ ಪ್ರಾಕ್ಟೀಸ್ ನನಗಿಲ್ಲ.

ನಿನ್ನೆ ಕಾಲೇಜ್ ಡೇ ಸ್ವಾಗತಗೀತೆಯ ಕೊನೆಯ ಸ್ವರದ ಮೇಲೆ ತಾವು ಕೂತಿದ್ದಿರಿ. ಸಂಗೀತದ ಮಿಸ್ ಕೈ ಇಳಿಸುವವರೆಗೆ ನಾನು ಬಿಡುವಂತಿಲ್ಲ. ಹಾರ ಬೀಳುವವರೆಗೆ ಮಿಸ್ ಕೈ ಇಳಿಸುವಂತಿಲ್ಲ. ಹಾಡು ಮುಗಿಯದೆ ಹಾರ ಹಾಕುವುದು ಅಶಿಷ್ಟವೆಂದು ಪ್ರಿನ್ಸಿಪಾಲರು ನಂಬಿದ್ದರು. ಹೀಗಾಗಿ ಮುಖ್ಯ ಅತಿಥಿಗಳು ಕತ್ತು ಬಗ್ಗಿಸಿ, ಪ್ರಿನ್ಸಿಪಾಲರು ಸುಗಂಧರಾಜದ ಹಾರ ಎತ್ತಿ, ಮಿಸ್ ಕೈ ಎತ್ತಿ, ನಾನು ಪೆಡಲ್ ತುಳಿಯುತ್ತಾ, ಇಡೀ ಸಭೆ ತಮ್ಮ ಗೌರವಾರ್ಥ ನಿಂತುಹೋಯಿತು. ಹಾಡುವವರು ಒಬ್ಬೊಬ್ಬರಾಗಿ ದಮ್ಮು ಕಟ್ಟಿ ಸುಮ್ಮನಾದರು. ಕಡೆಗೆ ಅತಿಥಿಗಳೇ ಹಾರವನ್ನು ಕಿತ್ತುಕೊಂಡು ಕೊರಳಿಗೆ ಹಾಕಿಕೊಂಡು ಕೂತರು. ಆಮೇಲೂ ನಾನು ತುಳಿಯುತ್ತಿದ್ದೆ; ಮಿಸ್ ಕೈ ಇಳಿಸುವುದನ್ನು ಮರೆತಿದ್ದರು.

“ಏನೇ ಮಾರಾಯ್ತಿ, ನಮ್ ಪ್ರಾಣ ಹೋಗೋ ತನಕ ಬಿಡಲ್ಲ ಅಂತ ಹರಕೆ ಹೊತ್ತಿದ್ಯಾ?” ಎಂದಳು, ಮುಂದಿನ ಸಾಲಿನಲ್ಲಿ ಹಾಡಿದ ಬಸವರಾಜೇಶ್ವರಿ. ಹಿಂದೆ ನಿಂತು ನೋಡಿದ ಅಬ್ಬಾ, “ಕೈ ತೆಗೆಯೋಕೆ ಏನಾಗಿತ್ತು ಬೇಟಿ, ಗೋಂದು ಹಚ್ಚಿತ್ತಾ?” ಎಂದರು. ಮಿಸ್ ಪ್ರಿನ್ಸಿಪಾಲರ ಬಳಿ, “ಅವಳು ನನ್ನ ಕಡೆ ನೋಡ್ಲೇ ಇಲ್ಲ ಸಾರ್” ಎಂದರಂತೆ. ನಾನು ನೋಡಿದ್ದು ಅವರೊಬ್ಬರನ್ನೇ.

ಆದ್ದರಿಂದ ತಾವು ಸೋಮವಾರ ಖುದ್ದಾಗಿ ದಯಮಾಡಿಸಬೇಕು. ಸಾಕ್ಷಿ ಹೇಳಲು ಸಂಕೋಚವಾದರೆ, ಪ್ರಿನ್ಸಿಪಾಲರು “ಇವತ್ತಿನಿಂದ ನೀನು” ಎನ್ನುತ್ತಿದ್ದಂತೆ ಆ ‘ನೀನು’ ಮೇಲೆ ಹತ್ತಿ ಕೂತು, ನನ್ನ ಕೋರ್ಸ್ ಮುಗಿಯುವವರೆಗೆ ಇಳಿಯದಿದ್ದರೆ ಸಾಕು. ಆ ವಾಕ್ಯ ಮುಗಿಯುವವರೆಗೂ ನಾನು ನುಡಿಸುತ್ತಿರಬಹುದು.

ತಮ್ಮ ವಿಶ್ವಾಸಿ,
ಅಮೀರುನ್ನೀಸಾ
(ಮೆಕ್ಯಾನಿಕ್ ಮೆಹಬೂಬ್ ಸಾಬ್ ಮಗಳು)

ವಿ.ಸೂ.: ಅತಿಥಿಗಳ ಭಾಷಣದ ಮೇಲೂ ತಾವು ಕೂತಿದ್ದನ್ನು ಸಭೆಯೆಲ್ಲ ಗಮನಿಸಿತು. ಅವರನ್ನು ಸೋಮವಾರ ಯಾರೂ ಕರೆದಿಲ್ಲ. ದಯವಿಟ್ಟು ಬೇಗ ಉತ್ತರ ಬರೆಯಿರಿ.