ಕೆಳಗಿನ ಬಚ್ಚಲಿಗೆ ಬಿಸಿನೀರು ಎಲ್ಲಿಂದ ಎಂಬುದನ್ನು ಇತ್ಯರ್ಥಪಡಿಸುವ ಕುರಿತು

ಇಂದ:
ತಮ್ಮ ಒಬ್ಬನೇ ಮಗ,
ಮಹಡಿ ಮೇಲಿನ ಕೋಣೆ.

ಗೆ:
ಶ್ರೀಯುತ ಅಪ್ಪನವರು,
ನಿವೃತ್ತ ಕಚೇರಿ ಅಧೀಕ್ಷಕರು, ಹಾಲಿ ಮನೆಯ ಯಜಮಾನರು,
ನೆಲಮಹಡಿ, ಕಿಟಕಿ ಪಕ್ಕದ ಕುರ್ಚಿ.

ವಿಷಯ: ಮೆಟ್ಟಿಲ ಕೆಳಗಿನ ಹೊಸ ಶವರ್‌ಗೆ ಎರಡು ಕಡೆಯಿಂದ ಬರುತ್ತಿರುವ ಬಿಸಿನೀರಿನ ಪೈಕಿ ಒಂದನ್ನು ರದ್ದುಪಡಿಸುವ ಬಗ್ಗೆ.

ಉಲ್ಲೇಖ: ಊಟದ ಮೇಜಿನಲ್ಲಿ ತಾವು ಹೊರಡಿಸಿದ ಮೌಖಿಕ ಆದೇಶ: “ಇನ್ಮೇಲೆ ಏನಿದ್ರೂ ಬರೆದು ಕೊಡು.”

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

೧. ತಾವು ಮಹಡಿಯ ಬಚ್ಚಲಿನಿಂದ ಇಳಿದು ಬರುವಾಗ ಕಾಲು ಜಾರಿದ್ದು ಸರಿಯಷ್ಟೆ. ಆಗ ನಾನು, “ಅಪ್ಪ, ನಿಮಗೆ ವಯಸ್ಸಾಯ್ತು” ಎಂದೆ. ಇದನ್ನು ತಾವು ಹೊಗಳಿಕೆಯೆಂದು ಸ್ವೀಕರಿಸಲಿಲ್ಲ. ಆದಕಾರಣ ಅಂದಿನಿಂದ ನಮ್ಮ ನಡುವಿನ ಮಾತುಕತೆ ಸ್ಥಗಿತಗೊಂಡಿದೆ. ಉಪ್ಪಿನ ಡಬ್ಬಿ ತಮ್ಮ ಕೈಯಿಂದ ನನ್ನ ಕೈಗೆ ಬರಬೇಕಾದರೂ ಅಮ್ಮನ ಮುಖಾಂತರವೇ ಬರುತ್ತಿದೆ.

೨. ತಾವು ಮೆಟ್ಟಿಲು ಹತ್ತುವುದು ಬೇಡವೆಂದು ಕೆಳಗೊಂದು ಶವರ್ ಮಾಡಿಸಲು ಇಬ್ಬರೂ ಅಮ್ಮನ ಬಳಿ ಬೇರೆ ಬೇರೆಯಾಗಿ ಒಪ್ಪಿದೆವು. ಆದರೆ ಬಿಸಿನೀರು ಎಲ್ಲಿಂದ ಎಂದು ಪರಸ್ಪರ ಕೇಳಲಿಲ್ಲ. ತಾವು ಪ್ಲಂಬರನ್ನು ಕಿಟಕಿ ಬಳಿ ಕರೆದು, ಮಹಡಿಯ ಗೀಸರಿನಿಂದಲೇ ಪೈಪು ಇಳಿಸು, ಮಗನಿಗೆ ಖರ್ಚು ಹಚ್ಚಬೇಡ ಎಂದಿರಿ. ನಾನು ಅವನನ್ನು ಗೇಟಿನಲ್ಲಿ ಹಿಡಿದು, ಪೈಪು ಉದ್ದವಾದರೆ ಮೊದಲು ತಣ್ಣೀರೇ ಬರುತ್ತದೆ, ಅಪ್ಪ ಚಳಿಯಲ್ಲಿ ನಿಂತು ಕಾಯಬಾರದು, ಕೆಳಗೇ ಹೊಸ ಗೀಸರ್ ಕೂರಿಸು ಎಂದೆ. ಆತ ಯಾರ ಮನಸ್ಸನ್ನೂ ನೋಯಿಸುವ ಪೈಕಿ ಅಲ್ಲ. ಆದ್ದರಿಂದ ಎರಡನ್ನೂ ಮಾಡಿ ಹೋದ.

೩. ಪರಿಣಾಮವಾಗಿ ಎಡ ನಲ್ಲಿಯಲ್ಲೂ ಬಿಸಿನೀರು, ಬಲ ನಲ್ಲಿಯಲ್ಲೂ ಬಿಸಿನೀರು. ತಣ್ಣೀರಿನ ಬಗ್ಗೆ ಅವನಿಗೆ ಯಾರೂ ಹೇಳಿರಲಿಲ್ಲ.

೪. ನಿನ್ನೆ ತಾವು ಸದರಿ ಶವರನ್ನು ಉದ್ಘಾಟಿಸಿ, ಮೈಯೆಲ್ಲ ಸೋಪಾದ ಸ್ಥಿತಿಯಲ್ಲಿ, “ಪುಟ್ಟಾ, ಒಂದು ಬಕೆಟ್ ತಣ್ಣೀರು ತಾರೋ” ಎಂದು ಕೂಗಿದಿರಿ. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ನನಗೆ ಅಳು ಬಂತು. ಅರ್ಧ ನೀರು ಚೆಲ್ಲಿಕೊಂಡೇ ಓಡಿ ಬಂದೆ. ತಾವು ಬಕೆಟ್ ಒಳಗೆಳೆದುಕೊಂಡು “ಸರಿ” ಎಂದಿರಿ. ಆಮೇಲೆ ನಾವು ಮಾತು ಬಿಟ್ಟಿದ್ದು ನೆನಪಾಗಿರಬೇಕು, ಚಿಲಕ ಹಾಕಿಕೊಂಡಿರಿ.

೫. ಹೊಸ ಗೀಸರಿನ ಸ್ವಿಚ್ ಆರಿಸಿದರೆ ಅದರಿಂದ ತಣ್ಣೀರೇ ಬರುತ್ತದಲ್ಲ ಎಂದು ಅಮ್ಮ ಸೂಚಿಸಿದ್ದಾರೆ. ಸಲಹೆ ಲಿಖಿತ ರೂಪದಲ್ಲಿ ಇಲ್ಲದ ಕಾರಣ ಪರಿಗಣಿಸಲಾಗಿಲ್ಲ. ಪ್ಲಂಬರ್ ಮಾತ್ರ, “ಯಾವುದನ್ನ ತೆಗೀಲಿ ಅಂತ ಇಬ್ರೂ ಕೂತು ಮಾತಾಡಿ ಹೇಳಿ, ಆಮೇಲೇ ನಾನು ಬರೋದು” ಎಂದಿದ್ದಾನೆ.

ಆದ್ದರಿಂದ ನನ್ನ ಗೀಸರನ್ನು ತೆಗೆಸಿ, ತಮ್ಮ ಪೈಪನ್ನೇ ಉಳಿಸಬೇಕಾಗಿ ಕೋರುತ್ತೇನೆ. ಮನೆಗೆ ಒಂದೇ ಗೀಸರ್ ಆದರೆ, ಕೆಳಗೆ ತಾವು ನಲ್ಲಿ ತಿರುಗಿಸಿದಾಗ ಮೇಲೆ ನನಗೆ ಬಿಸಿನೀರು ಕೈಕೊಡುತ್ತದೆ, ನಾನು ತಿರುಗಿಸಿದರೆ ತಮಗೆ. ಆದಕಾರಣ ದಿನಾ ಸ್ನಾನಕ್ಕೆ ಮೊದಲು ಒಬ್ಬರನ್ನೊಬ್ಬರು ಕೂಗಿ ಕೇಳಲೇಬೇಕಾಗುತ್ತದೆ. ಇದರಲ್ಲಿ ಬೇರೆ ಯಾವ ಅನುಕೂಲವೂ ಇಲ್ಲ.

ತಮ್ಮ ವಿಶ್ವಾಸಿ,
ಪುಟ್ಟ
(ವಯಸ್ಸು ನನಗೂ ಆಗುತ್ತಿದೆ)

ಅಡಕಗಳು:
೧. ಹೊಸ ಗೀಸರಿನ ರಟ್ಟಿನ ಪೆಟ್ಟಿಗೆ.
೨. ಅಮ್ಮನ ಶಿಫಾರಸು: “ಇಬ್ರಿಗೂ ಬುದ್ಧಿ ಇಲ್ಲ.”
೩. ತಣ್ಣೀರು, ಒಂದು ಬಕೆಟ್, ಬಚ್ಚಲ ಬಾಗಿಲಲ್ಲಿ ಇಡಲಾಗಿದೆ.

ವಿ.ಸೂ.: ಈ ಅರ್ಜಿಗೆ ಲಿಖಿತ ಉತ್ತರ ಬೇಡ. ಅರ್ಜಿದಾರ ಮೆಟ್ಟಿಲ ಮೇಲೇ ಕೂತಿದ್ದಾನೆ, ಕೂಗಿದರೆ ಕೇಳಿಸುತ್ತದೆ.