ಬಲಗೈ ಒಂದು, ಎಡಗೈ ಒಂದು, ಸ್ವೀಕರಿಸಲಾಗಿದೆ

ನಮ್ಮ ಸೋದರಮಾವ ದೇವರ ಹತ್ತಿರವೂ ಸ್ವೀಕೃತಿ ಕೇಳುವ ಮನುಷ್ಯ. ನಂಬುವುದಿಲ್ಲವೇ? ಗುಬ್ಬಿಗೆ ಬಂದು ಯಾರನ್ನಾದರೂ ಕೇಳಿ. ಒಮ್ಮೆ ಅತ್ತೆಯ ಮಂಡಿನೋವು ವಾಸಿಯಾಗಲೆಂದು ದೇವಸ್ಥಾನದ ಹುಂಡಿಗೆ ಕಾಣಿಕೆ ಹಾಕಿದವರು ಅಲ್ಲಿಂದ ಕದಲಲೇ ಇಲ್ಲ. ಪೂಜಾರಿ ತೀರ್ಥ ಕೊಟ್ಟರು, ಹೂವು ಕೊಟ್ಟರು, ಬಾಳೆಹಣ್ಣೂ ಕೊಟ್ಟರು. ಮಾವ ಕೈ ಚಾಚಿಕೊಂಡು ನಿಂತೇ ಇದ್ದರು.

"ಇನ್ನೇನು ಬೇಕು ಯಜಮಾನ್ರೇ?"

"ಹಾಕಿದ್ದಕ್ಕೆ ಒಂದು ಚೀಟಿ."

"ಹುಂಡಿಗೆ ಹಾಕಿದ್ದಕ್ಕೆಲ್ಲ ಚೀಟಿ ಕೊಡ್ತಾರಾ? ದೇವ್ರು ನೋಡಿರ್ತಾನೆ ಬಿಡಿ."

"ನೋಡಿರ್ತಾನೆ ಸರಿ. ನಾಳೆ ನೋಡೇ ಇಲ್ಲ ಅಂದ್ಬಿಟ್ರೆ?"

ಪೂಜಾರಿ ಇನ್ನೊಂದು ಬಾಳೆಹಣ್ಣು ಕೈಗಿಟ್ಟು ಒಳಗೆ ಹೋದರು. ಇದಕ್ಕೆ ನಿಮ್ಮ ಬಳಿ ಉತ್ತರ ಇದೆಯೇ?

ತಪ್ಪು ಅವರದ್ದಲ್ಲ. ಮೂವತ್ತು ವರ್ಷ ಕುಣಿಗಲ್ಲಿನ ಒಂದು ಸರ್ಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಕೂತವರು. ಜನ ತಂದ ಅರ್ಜಿಗೆ ಮೊಹರು ಒತ್ತಿ ನಂಬರು ಕೊಡುವುದು, ಒಳಗಿನಿಂದ ಬಂದ ಕಾಗದವನ್ನು ಲಕೋಟೆಗೆ ಹಾಕಿ ಕಳಿಸುವುದು, ಇಷ್ಟೇ ಕೆಲಸ. ದಿನಾ ಗುಬ್ಬಿಯಿಂದ ತುಮಕೂರು, ಅಲ್ಲಿ ಬಸ್ಸು ಬದಲಿಸಿ ಕುಣಿಗಲ್, ಸಂಜೆ ಅದೇ ದಾರಿಯಲ್ಲಿ ವಾಪಸ್. ನಿವೃತ್ತಿಯ ದಿನ ಶಾಲು ಹೊದಿಸಿದರು, ಹಾರ ಹಾಕಿದರು. ಕೆಲಸವನ್ನು ಅವರಿಂದ ಬಿಡಿಸಿಕೊಳ್ಳುವುದನ್ನು ಮಾತ್ರ ಮರೆತರು! ಮಾವ ಮಾರನೇ ದಿನವೇ 'ಸ್ವೀಕರಿಸಲಾಗಿದೆ' ಎಂಬ ಸ್ವಂತ ರಬ್ಬರ್ ಮೊಹರು ಮಾಡಿಸಿಕೊಂಡರು. ಮದುವೆಗೆ ಕರೆಯಲು ಬಂದವರ ಕಣ್ಣೆದುರೇ ಲಗ್ನಪತ್ರಿಕೆಯ ಗಣೇಶನ ಹೊಟ್ಟೆಯ ಮೇಲೆ ಆ ಮೊಹರು ಬೀಳುತ್ತದೆ. ಅತ್ತೆ ಕೊಡುವ ದಿನಸಿ ಚೀಟಿಗೂ ಒಂದು ಆವಕ ಸಂಖ್ಯೆ.

"ನಾನು ಈ ಮನೆಗೆ ಬಂದು ಇಷ್ಟು ವರ್ಷ ಆಯ್ತು ಕಣೇ, ನಂಗೇ ಇನ್ನೂ ಸ್ವೀಕೃತಿ ಕೊಟ್ಟಿಲ್ಲ ನಿಮ್ಮಾವ" ಎಂದು ಅತ್ತೆ ನನ್ನ ಹತ್ತಿರ ದೂರಿದರೆ, ಒಳಗಿನಿಂದ ಉತ್ತರ ಬರುತ್ತದೆ: "ಪರಿಶೀಲನೆಯಲ್ಲಿದೆ!"

ಇಂಥವರ ಕೈಗೆ ನಾನು ಸಿಕ್ಕಿಬಿದ್ದದ್ದು ಹೇಗೆ ಅಂತೀರಾ? ನಾನು ತುಮಕೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾ, ರೋಗಿಗಳನ್ನು ನೋಡುತ್ತಾ, ಉಳಿದ ಸಮಯದಲ್ಲಿ ಸಂಶೋಧನೆ ಮಾಡುವ ಡಾಕ್ಟರು. 'ಉಳಿದ ಸಮಯ' ಎಂಬುದು ಎಲ್ಲಿರುತ್ತದೆಂದು ಮಾತ್ರ ಕೇಳಬೇಡಿ. ನಮ್ಮ ಕಡೆ ತೆಂಗಿನಕಾಯಿ ಸುಲಿಯುವವರನ್ನು ನೀವು ನೋಡಿರಬಹುದು. ನೆಲಕ್ಕೆ ನೆಟ್ಟ ಮೊನಚು ಕಬ್ಬಿಣಕ್ಕೆ ಕಾಯಿ ಚುಚ್ಚಿ, ಮಣಿಕಟ್ಟು ತಿರುಚಿ, ಬೆಳಗಿನಿಂದ ಸಂಜೆಯವರೆಗೆ ಸಿಪ್ಪೆ ಬಿಡಿಸುತ್ತಾರೆ. ಕೆಲವು ವರ್ಷ ಹೋದರೆ ಬೆರಳು ಜೋಮು ಹಿಡಿಯುತ್ತದೆ, ಕೈಯಲ್ಲಿ ಹಿಡಿದ ಲೋಟ ಜಾರುತ್ತದೆ. ಆ ಕೈಗಳ ನರಕ್ಕೆ ಏನಾಗುತ್ತಿದೆ, ಮೊದಲೇ ಪತ್ತೆ ಹಚ್ಚಿದರೆ ಉಳಿಸಬಹುದೇ ಎಂಬುದು ನನ್ನ ಪ್ರಶ್ನೆ.

ಅದಕ್ಕೆ ದೆಹಲಿಯ ಒಂದು ಸಂಸ್ಥೆ ಕಿರಿಯ ವೈದ್ಯ ಸಂಶೋಧಕರಿಗೆ ಕೊಡುವ ಅನುದಾನ ಬೇಕಿತ್ತು. ಸಿಕ್ಕರೆ ವಾರದ ಅರ್ಧದಷ್ಟು ದಿನ ಸಂಶೋಧನೆಗೇ ಮೀಸಲು, ಒಬ್ಬ ಸಹಾಯಕ, ನರ ಪರೀಕ್ಷೆಯ ಯಂತ್ರ. ಎರಡು ಸಲ ಅರ್ಜಿ ಹಾಕಿ ಎರಡು ಸಲವೂ ತಿರಸ್ಕೃತಳಾಗಿದ್ದೆ. ವಯಸ್ಸಿನ ಮಿತಿಯ ಪ್ರಕಾರ ಇನ್ನು ಒಂದೇ ಅವಕಾಶ. ಈ ಸಲವೂ ಇಲ್ಲವೆಂದರೆ ಸಂಶೋಧನೆಯ ಆಸೆ ಬಿಟ್ಟು ಪೂರ್ತಿ ಓಪಿಡಿಯಲ್ಲಿ ಕೂರಬೇಕೆಂದು ವಿಭಾಗದ ಮುಖ್ಯಸ್ಥರು ನಯವಾಗಿಯೇ ಹೇಳಿದ್ದರು. ಒಂದು ಭಾನುವಾರ ಗುಬ್ಬಿಗೆ ಹೋಗಿ ಅತ್ತೆಯ ಮುಂದೆ ಅತ್ತುಬಿಟ್ಟೆ. ಮಾವ ಪೇಪರು ಮಡಿಸಿದರು.

"ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ಎಲ್ಲವ್ವ?"

"ಆನ್‌ಲೈನ್ ಮಾವ."

"ಆನ್‌ಲೈನಾ! ಮೇಲಕ್ಕೆ ತೂರ್‍ಬುಟ್ಟು ಬಂದೆ ಅನ್ನು!"

ಅಲ್ಲಿಗೆ ನನ್ನ ಅರ್ಜಿ ಅವರ ಕೈ ಸೇರಿತು. ಇಪ್ಪತ್ತೆರಡು ಪುಟದ ಇಂಗ್ಲಿಷನ್ನು ನನ್ನಿಂದಲೇ ಕನ್ನಡದಲ್ಲಿ ಹೇಳಿಸಿಕೊಂಡು, ಕೆಂಪು ಪೆನ್ನು ಹಿಡಿದು ಕೂತರು. "ಇಷ್ಟುದ್ದ ಬರ್ದಿದೀಯ, ಎಲ್ಲೂ 'ನಮ್ರ ವಿನಂತಿ' ಅಂತಿಲ್ವಲ್ಲವ್ವ! ಕೇಳಕ್ಕೆ ಹೋಗಿದೀಯೋ ದಬಾಯಿಸಕ್ಕೆ ಹೋಗಿದೀಯೋ?" ಎಂದರು. 'ಐದು ವರ್ಷಗಳ ನಂತರ ನಿಮ್ಮನ್ನು ಎಲ್ಲಿ ಕಾಣಲು ಬಯಸುತ್ತೀರಿ?' ಎಂಬ ಪ್ರಶ್ನೆಗೆ ನಾನು ಎರಡು ಪುಟ ಕನಸು ಕಂಡಿದ್ದೆ. ಮಾವ ಅಷ್ಟನ್ನೂ ಹೊಡೆದುಹಾಕಿ, 'ವರ್ಗಾವಣೆ ಆದೇಶಕ್ಕೆ ಒಳಪಟ್ಟಿರುತ್ತದೆ' ಎಂದು ಒಂದೇ ಸಾಲು ಬರೆದರು.

ಆಮೇಲೆ ಬಂತು ಮಾರ್ಗದರ್ಶಕರ ವಿಷಯ. ಇಂಥ ಅರ್ಜಿಗೆ ಒಬ್ಬ ಹಿರಿಯ ಸಂಶೋಧಕರು 'ಈ ಹುಡುಗಿಗೆ ನಾನಿದ್ದೇನೆ' ಎಂದು ಸಹಿ ಹಾಕಬೇಕು. ಮಾವನ ತಿಳಿವಳಿಕೆಯಲ್ಲಿ ಅದರ ಅರ್ಥ ಒಂದೇ, ಜಾಮೀನು! ಜಾಮೀನು ನಿಲ್ಲುವವರಿಗೆ ಪಹಣಿ ಇರಬೇಕು. ನನ್ನ ಮೊಬೈಲಿನಿಂದ ನಂಬರು ತೆಗೆದುಕೊಂಡು, ಬೆಂಗಳೂರಿನಲ್ಲಿದ್ದ ನನ್ನ ಪ್ರೊಫೆಸರಿಗೆ ಫೋನು ಮಾಡಿಯೇಬಿಟ್ಟರು.

"ಸಾರ್, ತಮ್ಮ ಹೆಸ್ರಲ್ಲಿ ಜಮೀನು ಎಷ್ಟೈತೆ?"

ದೇಶವಿದೇಶಗಳಲ್ಲಿ ಭಾಷಣ ಮಾಡಿದ ಆ ಮಹಾನುಭಾವರು ಗಾಬರಿಯಾಗಿ, "ಜಮೀನೇನೂ ಇಲ್ಲ, ಮೂರನೇ ಮಹಡಿಯಲ್ಲಿ ಒಂದು ಫ್ಲಾಟಿದೆ" ಎಂದರಂತೆ. ಮಾವ ಫೋನಿಟ್ಟು ನನ್ನನ್ನು ಮರುಕದಿಂದ ನೋಡಿದರು.

"ಬೇರೆಯವ್ರನ್ನ ನೋಡವ್ವ. ಆ ಮನುಷ್ಯ ನೆಲದ ಮೇಲೇ ಇಲ್ಲ."

ಚೇಳೂರಿನ ಹತ್ತಿರ ತಮಗಿದ್ದ ಮೂರೆಕರೆಯ ಆಧಾರದ ಮೇಲೆ ತಾವೇ ಮಾರ್ಗದರ್ಶಕರಾಗಲು ಸಿದ್ಧರಿದ್ದರು! ಪ್ರೊಫೆಸರಿಗೆ ನಾನು ಕ್ಷಮೆ ಕೇಳಲು ಫೋನು ಮಾಡಿದರೆ ಅವರು ನಗುವುದನ್ನು ನಿಲ್ಲಿಸಲೇ ಇಲ್ಲ, ಪುಣ್ಯಕ್ಕೆ ಸಹಿಯನ್ನೂ ನಿಲ್ಲಿಸಲಿಲ್ಲ.

ಹಿಂದಿನ ಎರಡು ಸಲ ತಿರಸ್ಕರಿಸಿದಾಗ ಪರಿಶೀಲಕರು ಒಂದೇ ಮಾತು ಬರೆದಿದ್ದರು. 'ಕೂಲಿ ಮಾಡುವ ಜನ ಒಂದು ಸಲ ಪರೀಕ್ಷೆಗೆ ಬಂದಾರು, ಮೂರು ತಿಂಗಳ ನಂತರ ಮತ್ತೆ ಬರುತ್ತಾರೆಂಬುದಕ್ಕೆ ಆಧಾರವೇನು?' ಆದ್ದರಿಂದ ಮೊದಲು ನಲವತ್ತು ಜನರ ಮೇಲೆ ಒಂದು ಚಿಕ್ಕ ಅಧ್ಯಯನ ಮಾಡಿ ತೋರಿಸಬೇಕಿತ್ತು. ಗುಬ್ಬಿಯ ಕಾಯಿ ವ್ಯಾಪಾರಿ ಮಹಬೂಬ್ ಸಾಬರ ಅಂಗಳದಲ್ಲಿ ಸುಲಿಯುವವರು ಬೇಕಾದಷ್ಟು ಜನ. ಒಪ್ಪಿಗೆ ಪತ್ರದ ಕಟ್ಟು ಹಿಡಿದು ಹೋದೆ. ಹಿಂದೆ ಇಸ್ತ್ರಿ ಶರಟು ತೊಟ್ಟು, ಬಗಲಲ್ಲಿ ಫೈಲು, ಕೈಯಲ್ಲಿ ಹೆಬ್ಬೆಟ್ಟಿನ ಶಾಯಿ ಪ್ಯಾಡು ಹಿಡಿದ ಮಾವ.

ಶಾಯಿ ಪ್ಯಾಡು ಕಂಡದ್ದೇ ತಡ, ಅಂಗಳ ಖಾಲಿ! ಅರ್ಧ ಸುಲಿದ ಕಾಯಿ ಕಬ್ಬಿಣದ ಮೇಲೇ ನಿಂತಿತ್ತು. ಸುಲಿಯುವವರಲ್ಲಿ ಹಿರಿಯರಾದ ರಂಗಣ್ಣ ಸಿಪ್ಪೆಯ ರಾಶಿಯ ಹಿಂದಿನಿಂದ ಕೂಗಿದರು.

"ಸಾಬ್ರೇ, ಟಪಾಲಪ್ಪ ಬಂದವ್ನೆ! ಯಾರ ಜಮೀನು ಹೋಯ್ತದೋ ಇವತ್ತು!"

"ಜಮೀನಿಂದಲ್ಲ ಬಾರೋ ರಂಗಣ್ಣ, ನಮ್ಮ ಡಾಕ್ಟ್ರಮ್ಮ ಕೈ ನೋಡಕ್ಕೆ ಬಂದವ್ರೆ" ಎಂದು ಸಾಬರು ಗಂಟಲು ಹರಿದುಕೊಂಡರು.

"ಕೈ ನೋಡಕ್ಕೆ ಹೆಬ್ಬೆಟ್ಟು ಯಾಕೆ? ಕೈಗೂ ಪಹಣಿ ಮಾಡ್ತಾರಾ?"

ಕೊನೆಗೆ ಸಾಬರೇ ಎಲ್ಲರನ್ನೂ ಕೂರಿಸಿ ಟೀ ತರಿಸಿದರು. ನಾನು ಒಪ್ಪಿಗೆ ಪತ್ರವನ್ನು ಓದಿ ವಿವರಿಸಿದೆ. 'ಯಾವಾಗ ಬೇಕಾದರೂ ಕಾರಣ ಕೊಡದೆ ಹಿಂದೆ ಸರಿಯಬಹುದು' ಎಂಬಲ್ಲಿಗೆ ಬಂದಾಗ ಮಾವನಿಗೆ ತಡೆಯಲಾಗಲಿಲ್ಲ. "ಸರೀಬೋದು. ಆದ್ರೆ ಮೂರು ಪ್ರತೀಲಿ ಅರ್ಜಿ ಕೊಡ್ಬೇಕು!" ಎಂದು ಘೋಷಿಸಿಬಿಟ್ಟರು. ಸಂಶೋಧನೆಗೆ ಒಳಪಡುವವರ ಹಕ್ಕು ಕಾಯುವ ನಮ್ಮ ಕಾಲೇಜಿನ ನೈತಿಕ ಸಮಿತಿಯವರು ಕೇಳಿದ್ದರೆ ನನ್ನ ಕಥೆ ಅಲ್ಲೇ ಮುಗಿಯುತ್ತಿತ್ತು. ಹಾಗೆಲ್ಲ ಏನೂ ಇಲ್ಲ, ಬಾಯಲ್ಲಿ ಬೇಡ ಎಂದರೆ ಸಾಕು ಎಂದು ನಲವತ್ತು ಜನರಿಗೂ ಬೇರೆಬೇರೆಯಾಗಿ ಹೇಳುವಷ್ಟರಲ್ಲಿ ನನ್ನ ಗಂಟಲೂ ಹೋಯಿತು.

ಆದರೆ ನಾನು ಎಲ್ಲರ ಕೈಯನ್ನೂ ಪರೀಕ್ಷಿಸಿ ಮುಗಿಸುವಷ್ಟರಲ್ಲಿ, ನಾನು ಗಮನಿಸದ ಇನ್ನೊಂದು ಕೆಲಸವನ್ನು ಮಾವ ಮುಗಿಸಿದ್ದರು. ಪರೀಕ್ಷೆ ಮುಗಿಸಿ ಎದ್ದ ಪ್ರತಿಯೊಬ್ಬರಿಗೂ ತಮ್ಮದೇ ರಸೀದಿ ಪುಸ್ತಕದ ಅರ್ಧ ಪುಟದಲ್ಲಿ ಹೆಸರು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡು, ಉಳಿದರ್ಧವನ್ನು ಚೀಟಿಯಾಗಿ ಹರಿದು ಕೊಟ್ಟಿದ್ದರು. ಕ್ರಮಸಂಖ್ಯೆ, ತಾರೀಕು, ಮತ್ತೆ ಬರಬೇಕಾದ ದಿನ, ಕೆಳಗೆ ಒಕ್ಕಣೆ: 'ಬಲಗೈ ಒಂದು, ಎಡಗೈ ಒಂದು, ಸ್ವೀಕರಿಸಲಾಗಿದೆ.' ಮೇಲೆ ನೇರಳೆ ಮೊಹರು!

ನಾನು ತಲೆ ಚಚ್ಚಿಕೊಂಡೆ. "ಏನ್ ಮಾವ ಇದು? ಅವ್ರ ಕೈ ನಾವು ಇಟ್ಕೊಂಡಿದೀವಾ?"

"ಕೊಟ್ಟೋರಿಗೆ ಕೊಟ್ಟಿದ್ದಕ್ಕೆ ಗುರುತು ಬೇಕು ಬುಡವ್ವ. ಇಲ್ದಿದ್ರೆ ಮತ್ತೆ ಯಾಕೆ ಬತ್ತಾರೆ?"

ಮೂರು ತಿಂಗಳ ನಂತರ ಅರ್ಧದಷ್ಟು ಜನ ಬಂದರೆ ಸಾಕೆಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋದೆ. ಅಂಗಳದಲ್ಲಿ ನಲವತ್ತು ಜನ ಸಾಲಾಗಿ ಕೂತಿದ್ದರು! ಮಗಳ ಬಾಣಂತನಕ್ಕೆ ತುಮಕೂರಿಗೆ ಹೋಗಿದ್ದ ಒಬ್ಬ ಹೆಂಗಸು ಮೊದಲ ಬಸ್ಸಿಗೇ ಬಂದಿದ್ದಳು. ಕೆಲಸ ಬಿಟ್ಟು ಕುಣಿಗಲ್ ಕಡೆ ಹೋಗಿದ್ದವನೂ ಬಂದಿದ್ದ. ಎಲ್ಲರ ಕೈಯಲ್ಲೂ, ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟಿದ್ದ ಆ ಚೀಟಿ. ನಿಮ್ಮ ಮೇಲೆ ಯಾವ ಬಲವಂತವೂ ಇಲ್ಲ ಎಂದು ಮತ್ತೆ ಹೇಳಿದೆ. ರಂಗಣ್ಣನಿಗೆ ಬೇಸರವೇ ಆಯಿತು.

"ಅದೆಂಗವ್ವ? ನಮ್ಮ ಕೈದು ಇನ್ನೂ ಪೆಂಡಿಂಗ್ ಐತಲ್ಲ."

ಮೂರನೇ ಅರ್ಜಿ ಹೋಯಿತು. ಸಂದರ್ಶನಕ್ಕೆ ಕರೆ ಬಂತು, ಅದೂ ಕಂಪ್ಯೂಟರಿನಲ್ಲೇ. ಬೇಡವೆಂದರೂ ಮಾವ ರಸೀದಿ ಪುಸ್ತಕದ ಸಮೇತ ತುಮಕೂರಿನ ನನ್ನ ಮನೆಗೆ ಬಂದರು. ಕ್ಯಾಮೆರಾಗೆ ಕಾಣದ ಮೂಲೆಯಲ್ಲಿ ಕುರ್ಚಿ ಹಾಕಿದೆ. ಕೂರಲಿಲ್ಲ. "ಸಾಹೇಬ್ರುಗಳು ಎದುರಿಗಿರುವಾಗ ಕೂರದಾ?" ಎಂದು ಮುಕ್ಕಾಲು ಗಂಟೆ ನಿಂತೇ ಇದ್ದರು.

ಮೊದಲ ಪ್ರಶ್ನೆಗಳೇನೋ ಸಲೀಸಾಗಿ ಹೋದವು. ಆಮೇಲೆ ಸಮಿತಿಯ ಹಿರಿಯ ಮಹಿಳೆಯೊಬ್ಬರು ಕನ್ನಡಕ ತೆಗೆದರು. "ನಲವತ್ತರಲ್ಲಿ ನಲವತ್ತೂ ಜನ ವಾಪಸ್ ಬಂದರು ಎಂದು ಬರೆದಿದ್ದೀರಿ. ನನ್ನ ಇಡೀ ಸರ್ವಿಸಿನಲ್ಲಿ ನಾನಿದನ್ನು ಕಂಡಿಲ್ಲ. ಅಂಕಿ ನಿಜವೇ ಡಾಕ್ಟರ್?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಒಬ್ಬರಾದರೂ ತಪ್ಪಿಸಿಕೊಂಡಿದ್ದರೆ ನಂಬುತ್ತಿದ್ದರೇನೋ! ಎಲ್ಲರೂ ಬಂದದ್ದೇ ನನ್ನ ಅಪರಾಧವಾಗಿತ್ತು. "ನಾವು ಸ್ವೀಕೃತಿ ಕೊಟ್ಟಿದ್ದೆವು" ಎಂದು ತೊದಲಿದೆ.

ಮಾವನಿಗೆ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೆ ಅನುಮಾನ ಯಾವ ಭಾಷೆಯಲ್ಲಿದ್ದರೂ ಮೂವತ್ತು ವರ್ಷದ ಟಪಾಲಿನವರಿಗೆ ಗೊತ್ತಾಗದೇ? ಪಕ್ಕದಿಂದ ಒಂದು ಕೈ ನನ್ನ ಮುಖಕ್ಕೆ ಅಡ್ಡ ಬಂತು. ಕೈಯಲ್ಲಿ ರಸೀದಿ ಪುಸ್ತಕ. ಹೆಸರುಗಳು ಹೊರಗಿನವರಿಗೆ ಕಾಣಬಾರದೆಂದು ನಾನು ಯಾವಾಗಲೋ ಹೇಳಿದ್ದನ್ನು ನೆನಪಿಟ್ಟು, ಅಷ್ಟುದ್ದಕ್ಕೂ ಕಾಗದದ ಪಟ್ಟಿ ಅಂಟಿಸಿದ್ದರು. ಪುಟ ತಿರುಗಿಸುತ್ತಾ ಹೋದರು. ಸಂಖ್ಯೆ, ತಾರೀಕು, ಮೊದಲ ದಿನದ ಹೆಬ್ಬೆಟ್ಟು, ಮೂರು ತಿಂಗಳ ನಂತರದ ಹೆಬ್ಬೆಟ್ಟು. ನಲವತ್ತೂ.

"ಇದು ಯಾರ ಕೈ?" ಎಂದರು ಆ ಹಿರಿಯರು.

"ನಮ್ಮ ಟಪಾಲು ವಿಭಾಗ ಮೇಡಂ" ಎಂದೆ. ಬೇರೇನು ಹೇಳಲಿ?

ಸಮಿತಿಯ ಐದೂ ಜನ ಮನಸಾರೆ ನಕ್ಕರು. ಮಾವ ಮಾತ್ರ ನಗಲಿಲ್ಲ. ನಲವತ್ತನೆಯ ಪುಟ ಮುಗಿಯುವವರೆಗೂ ಕೈ ತೆಗೆಯಲಿಲ್ಲ.

ಆಮೇಲೆ ಶುರುವಾಯಿತು ಫೋನು. ದಿನಾ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ, "ಟಪಾಲ್ ಬಂತಾ?" ಭಾನುವಾರ ಮಾತ್ರ ವಿನಾಯಿತಿ, ಸರ್ಕಾರಿ ರಜೆ. ಇಲ್ಲ ಮಾವ, ಇಲ್ಲ ಮಾವ ಎಂದು ಹೇಳಿ ಹೇಳಿ ಒಳಗೊಳಗೇ ಕುಗ್ಗಿಹೋಗಿದ್ದೆ. ಒಂದು ಗುರುವಾರ ಓಪಿಡಿಯ ಗದ್ದಲದ ನಡುವೆ ಮೊಬೈಲಿನಲ್ಲಿ ಮೇಲ್ ಬಂತು. ಮಂಜೂರಾಗಿತ್ತು! ಫೋನಿನಲ್ಲಿ ಹೇಳಲು ಮನಸ್ಸು ಬರಲಿಲ್ಲ. ಪ್ರಿಂಟು ತೆಗೆಸಿ, ಮಧ್ಯಾಹ್ನದ ಬಸ್ಸು ಹತ್ತಿ ಗುಬ್ಬಿಗೆ ಹೋದೆ.

ಮಾವ ಜಗಲಿಯ ಮೇಲಿದ್ದರು. ಕಾಗದ ಕೊಟ್ಟೆ. ಎದ್ದು ನಿಂತು ಓದಿದರು. ಇಂಗ್ಲಿಷಿನ ಪ್ರತಿ ಸಾಲಿನ ಕೆಳಗೂ ಬೆರಳು ಹರಿಸಿದರು. ನನ್ನ ಹೆಸರಿನ ಮೇಲೆ ಬೆರಳು ನಿಂತಿತು. ತಪ್ಪು ಹುಡುಕುತ್ತಿದ್ದಾರೆಂದುಕೊಂಡೆ. ಅವರು ಕಾಗದದ ಸಮೇತ ಒಳಗೆ ಹೋದರು.

ತಿರುಗಿ ಬಂದಾಗ ಬನಿಯನ್ನಿನ ಮೇಲೆ ಇಸ್ತ್ರಿ ಶರಟು ಬಂದಿತ್ತು, ಕತ್ತಿನ ಗುಂಡಿಯವರೆಗೂ ಹಾಕಿದ್ದರು.

"ಅಲ್ಲೋಗಿ ಬಾಗ್ಲಲ್ಲಿ ನಿಂತ್ಕೊ ಕಣವ್ವ" ಎಂದರು. "ಅರ್ಜಿ ತಂದು ಕೊಡೋರ ಮುಖ ಮೂವತ್ತು ವರ್ಷ ನೋಡಿದೀನಿ. ಎಂತೆಂತಾ ಮುಖ! ಮಂಜೂರಾಗಿದ್ದನ್ನೆಲ್ಲ ಲಕೋಟೆಗೆ ಹಾಕಿ ಕಳಿಸ್ಬುಡ್ತಿದ್ದೆ. ತಗಂಡೋರ ಮುಖ ಹೆಂಗಿರ್ತದೆ ಅಂತ ಒಂದಿನಾನೂ ನೋಡ್ಲಿಲ್ಲ. ನೀನು ಕೊಟ್ಟಿದ್ದು ಸರಿ. ಈಗ ನಾನು ಕೊಡ್ತೀನಿ, ತಗೊ."

ನಾನು ಬಾಗಿಲಿಗೆ ಹೋಗಿ ನಿಂತೆ. ಮಾವ ನನ್ನ ಪೂರ್ತಿ ಹೆಸರನ್ನು ಇನಿಷಿಯಲ್ ಸಮೇತ ಗಟ್ಟಿಯಾಗಿ ಕೂಗಿದರು. ಮುಂದೆ ಬಂದು ಎರಡೂ ಕೈ ಚಾಚಿದೆ. ಅವರು ಕಾಗದವನ್ನು ಕೈಗಿಟ್ಟರು, ಆದರೆ ಕಾಗದವನ್ನು ನೋಡುತ್ತಿರಲಿಲ್ಲ. ನನಗೆ ನಗಬೇಕೆಂದಿತ್ತು, ಅಳು ಬಂದುಬಿಟ್ಟಿತು. ಮಾವ ಕಣ್ಣು ಮಿಟುಕಿಸದೆ ನನ್ನ ಮುಖವನ್ನೇ ನೋಡುತ್ತಾ ನಿಂತರು.

"ಹಿಂಗಿರ್ತದಾ!" ಎಂದರು.